ಮಕ್ಕಳ ಅಳತೆಯ ಮೈದಾನ: ಕಾರ್ಲ್ ಸ್ಟಾಟ್ಜ್ ಅವರ ಜೀವನ

ಅಭ್ಯಾಸ ಪಾಠಕ್ಕೆಂದು ಶಾಲೆಗೆ ಹೋದ ಪ್ರಶಿಕ್ಷಣಾರ್ಥಿಗೆ ಆಟದ ಅವಧಿಯ ಒಂದು ದೃಶ್ಯ ಬಹುಬೇಗ ಪರಿಚಯವಾಗುತ್ತದೆ. ಚೆನ್ನಾಗಿ ಆಡುವ ಇಬ್ಬರು ಹುಡುಗರು ನಾಯಕರಾಗುತ್ತಾರೆ. ಒಬ್ಬೊಬ್ಬರನ್ನೇ ಕರೆದು ತಮ್ಮ ತಮ್ಮ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ. ಕೊನೆಗೆ ಯಾರಿಗೂ ಬೇಡವಾದ ಮೂರು ನಾಲ್ಕು ಮಕ್ಕಳು ಉಳಿಯುತ್ತಾರೆ. ಅವರಿಗೆ ಸಿಗುವ ಕೆಲಸ ಗೆರೆಯಾಚೆ ಹೋದ ಚೆಂಡನ್ನು ಹೆಕ್ಕಿ ತರುವುದು. ಆಟ ನಡೆಯಿತು, ಗದ್ದಲವಾಗಲಿಲ್ಲ ಎಂದು ನಾವು ಸಮಾಧಾನದಿಂದ ದಾಖಲೆ ಪುಸ್ತಕದಲ್ಲಿ ಬರೆಯುತ್ತೇವೆ. ಆ ಮೂರು ನಾಲ್ಕು ಮಕ್ಕಳು ಆ ಅವಧಿಯಲ್ಲಿ ಏನು ಕಲಿತರು ಎಂಬ ಪ್ರಶ್ನೆಗೆ ದಾಖಲೆ ಪುಸ್ತಕದಲ್ಲಿ ಅಂಕಣವಿಲ್ಲ.

ಅಂಥ ಮಕ್ಕಳಲ್ಲಿ ಒಬ್ಬರಾಗಿದ್ದು, ಅದನ್ನು ದೊಡ್ಡವರಾದ ಮೇಲೂ ಮರೆಯದ ಒಬ್ಬ ಮನುಷ್ಯನ ಜೀವನ ಇದು. ಅವರು ಶಿಕ್ಷಕ ತರಬೇತಿ ಪಡೆದವರಲ್ಲ, ಹೆಸರಾಂತ ಆಟಗಾರರೂ ಅಲ್ಲ. ಆದರೂ ಕಲಿಯುವವನ ಅಳತೆಗೆ ಕಲಿಕೆಯನ್ನು ಹೊಂದಿಸಬೇಕು ಎಂದು ನಾವು ತರಗತಿಯಲ್ಲಿ ಓದುವ ತತ್ತ್ವವನ್ನು ಅವರು ಮೈದಾನದಲ್ಲಿ ಅಡಿಕೋಲು ಹಿಡಿದು ಮಾಡಿ ತೋರಿಸಿದರು.

ಬಾಲ್ಯ ಮತ್ತು ಊರು

ಕಾರ್ಲ್ ಸ್ಟಾಟ್ಜ್ ಹುಟ್ಟಿದ್ದು 1910ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್‌ನಲ್ಲಿ. ಸಸ್ಕ್ವೆಹಾನಾ ನದಿಯ ಪಶ್ಚಿಮ ಶಾಖೆಯ ದಂಡೆಯ ಮೇಲಿರುವ ಈ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ವ್ಯಾಪಾರಕ್ಕೆ ಹೆಸರಾಗಿತ್ತು. ಕಾಡು ಬರಿದಾದ ಮೇಲೆ ಸಣ್ಣ ಕಾರ್ಖಾನೆಗಳ ಸಾಧಾರಣ ಊರಾಗಿ ಉಳಿಯಿತು.

ಅಲ್ಲಿನ ಹುಡುಗರಿಗೆ ಬೇಸ್‌ಬಾಲ್ ನಮ್ಮ ಹುಡುಗರಿಗೆ ಕ್ರಿಕೆಟ್ ಇದ್ದಂತೆ. ಖಾಲಿ ನಿವೇಶನ ಕಂಡಲ್ಲಿ ಆಟ. ಚೆಂಡಿನ ಹೊಲಿಗೆ ಬಿಟ್ಟರೆ ಅಂಟುಪಟ್ಟಿ ಸುತ್ತಿ ಮತ್ತೆ ಆಟ. ಆದರೆ ಸಣ್ಣವರಿಗೆ ಅಲ್ಲಿ ಜಾಗವಿರಲಿಲ್ಲ. ದೊಡ್ಡ ಹುಡುಗರು ಬಂದರೆ ಮೈದಾನ ಅವರದು. ಸಣ್ಣವರನ್ನು ಸೇರಿಸಿಕೊಂಡರೂ ಸರದಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅಂಪೈರ್ ಇಲ್ಲ, ಸಮವಸ್ತ್ರವಿಲ್ಲ, ಜಗಳವಾದರೆ ಗಟ್ಟಿ ದನಿಯವನದೇ ನ್ಯಾಯ. ಬಾಲಕ ಸ್ಟಾಟ್ಜ್ ಇದನ್ನೆಲ್ಲ ಅನುಭವಿಸಿ ಬೆಳೆದರು.

ಒಂದು ಪೊದೆ, ಒಂದು ಗಾಯ, ಒಂದು ಮಾತು

1938ರ ಬೇಸಿಗೆ. ಸ್ಟಾಟ್ಜ್ ಅವರಿಗೆ ಆಗ 28 ವರ್ಷ. ದೇಶ ಇನ್ನೂ ಆರ್ಥಿಕ ಮುಗ್ಗಟ್ಟಿನಿಂದ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಸಂಜೆ ಮನೆಯ ಹಿತ್ತಲಲ್ಲಿ ಕುಟುಂಬದ ಇಬ್ಬರು ಚಿಕ್ಕ ಹುಡುಗರೊಂದಿಗೆ ಚೆಂಡು ಎಸೆದು ಹಿಡಿಯುವ ಆಟ ಆಡುತ್ತಿದ್ದರು. ಒಬ್ಬ ಜಿಮ್ಮಿ, ಇನ್ನೊಬ್ಬ ಎಲ್ಲರೂ ಮೇಜರ್ ಎಂದು ಕರೆಯುತ್ತಿದ್ದ ಹೆರಾಲ್ಡ್. ಕೈತಪ್ಪಿದ ಚೆಂಡಿನ ಹಿಂದೆ ಓಡಿದ ಸ್ಟಾಟ್ಜ್ ಲೈಲಾಕ್ ಪೊದೆಯ ಕತ್ತರಿಸಿದ ಕಡ್ಡಿಗಳ ಮೇಲೆ ಕಾಲಿಟ್ಟರು. ಪಾದದ ಗಂಟು ತರಚಿತು. ನೋವಿನಿಂದ ಮೆಟ್ಟಿಲ ಮೇಲೆ ಕುಳಿತಾಗ ತಮ್ಮ ಬಾಲ್ಯದ ಆಟ ನೆನಪಾಯಿತು. ಸರಿಯಾದ ತಂಡ, ಸರಿಯಾದ ಸಮವಸ್ತ್ರ, ಹೊಸ ಚೆಂಡು, ನಿಜವಾದ ಅಂಪೈರ್, ಎದುರಿಗೆ ಕುಳಿತು ನೋಡುವ ಜನ, ಇವೆಲ್ಲ ಇದ್ದು ಮಕ್ಕಳೇ ಆಡುವ ಬೇಸ್‌ಬಾಲ್ ಇದ್ದರೆ ಹೇಗೆ ಎಂದು ಅವರು ಆ ಹುಡುಗರನ್ನು ಕೇಳಿದರು. ಹುಡುಗರ ಕಣ್ಣು ಅರಳಿತು. ಹಾಗಾದರೆ ಮಾಡೋಣ ಎಂದು ಸ್ಟಾಟ್ಜ್ ಮಾತು ಕೊಟ್ಟರು.

ಮಕ್ಕಳಿಗೆ ದೊಡ್ಡವರು ಕೊಡುವ ಮಾತುಗಳಲ್ಲಿ ಬಹುಪಾಲು ಮರುದಿನಕ್ಕೆ ಮರೆತುಹೋಗುತ್ತವೆ. ಇದು ಮರೆಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವರು ಬರೆಸಿದ ನೆನಪಿನ ಪುಸ್ತಕದ ಹೆಸರೂ ಉಳಿಸಿಕೊಂಡ ಮಾತು ಎಂಬ ಅರ್ಥದ್ದೇ.

ಅಡಿಕೋಲಿನ ಪಾಠ

ಬೇಸ್‌ಬಾಲ್ ತಿಳಿಯದ ಓದುಗರಿಗಾಗಿ ನಾಲ್ಕು ಮಾತು. ಮೈದಾನದಲ್ಲಿ ಚೌಕಾಕಾರದಲ್ಲಿ ನಾಲ್ಕು ಬೇಸ್‌ಗಳಿರುತ್ತವೆ. ಪಿಚರ್ ಚೆಂಡು ಎಸೆಯುತ್ತಾನೆ, ಬ್ಯಾಟು ಹಿಡಿದವನು ಹೊಡೆದು ಓಡುತ್ತಾನೆ, ನಾಲ್ಕೂ ಬೇಸ್ ಸುತ್ತಿ ಬಂದರೆ ಒಂದು ರನ್. ದೊಡ್ಡವರ ಆಟದಲ್ಲಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟುಗಾರನ ಬಳಿಯ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ.

ಈ ಅಳತೆಯ ಸೊಗಸು ಇರುವುದು ಅದರ ಸಮತೋಲದಲ್ಲಿ. ಬ್ಯಾಟುಗಾರ ನೆಲಚೆಂಡು ಹೊಡೆದು ಓಡಿದಾಗ ಚೆಂಡೂ ಓಟಗಾರನೂ ಹೆಚ್ಚುಕಡಿಮೆ ಒಟ್ಟಿಗೆ ಬೇಸ್ ಸೇರುತ್ತಾರೆ. ಅರ್ಧ ಹೆಜ್ಜೆಯಲ್ಲಿ ಗೆಲುವು, ಅರ್ಧ ಹೆಜ್ಜೆಯಲ್ಲಿ ಸೋಲು. ಅದೇ ಮೈದಾನದಲ್ಲಿ ಹತ್ತು ವರ್ಷದ ಮಗುವನ್ನು ನಿಲ್ಲಿಸಿದರೆ ಈ ಸಮತೋಲ ಮುರಿದುಬೀಳುತ್ತದೆ. ಎಸೆದ ಚೆಂಡು ದೂರ ಮುಟ್ಟದು, ಓಡುವ ಕಾಲು ಸೋಲುತ್ತದೆ. ಮಗುವಿಗೆ ಆಡಲು ಬರುವುದಿಲ್ಲ ಎಂದು ನಾವು ತೀರ್ಮಾನಿಸುತ್ತೇವೆ. ಮೈದಾನ ಆ ಮಗುವಿನದಲ್ಲ ಎಂಬುದು ನಮಗೆ ಹೊಳೆಯುವುದಿಲ್ಲ.

ಸ್ಟಾಟ್ಜ್ ಅವರಿಗೆ ಅದು ಹೊಳೆಯಿತು. ಆ ಬೇಸಿಗೆಯಲ್ಲಿ ನೆರೆಹೊರೆಯ ಹುಡುಗರನ್ನು ಕೂಡಿಸಿಕೊಂಡು ಊರಿನ ಉದ್ಯಾನಕ್ಕೆ ಹೋದರು. ಬೇಸ್‌ಗಳನ್ನು ಒಂದು ದಿನ ಒಂದು ಅಂತರದಲ್ಲಿ, ಇನ್ನೊಂದು ದಿನ ಇನ್ನೊಂದು ಅಂತರದಲ್ಲಿ ಇಟ್ಟು ಆಡಿಸಿದರು. ಹುಡುಗರು ಓಡುವುದನ್ನೂ ಎಸೆಯುವುದನ್ನೂ ನೋಡುತ್ತ ಅಂತರವನ್ನು ಹಿಂದೆ ಮುಂದೆ ಸರಿಸಿದರು. ಕೊನೆಗೆ ಬೇಸ್‌ಗಳ ನಡುವಿನ ದೂರ 60 ಅಡಿಗೆ ನಿಂತಿತು, ದೊಡ್ಡವರ ಅಳತೆಯ ಮೂರನೆಯ ಎರಡು ಭಾಗ. ಪಿಚರ್‌ನ ದೂರವನ್ನೂ ತಗ್ಗಿಸಿದರು. ಮುಂದೆ ಅದು 46 ಅಡಿಗೆ ನೆಲೆಸಿತು. ಒಂಬತ್ತು ಇನಿಂಗ್ಸ್ ಇರುವ ಆಟ ಮಕ್ಕಳಿಗೆ ಆರು ಇನಿಂಗ್ಸ್ ಆಯಿತು. ಹೀಗೆ ಮಾಡಿದ ಮೇಲೆ ಆ ಅರ್ಧ ಹೆಜ್ಜೆಯ ಸೊಗಸು ಮಕ್ಕಳ ಆಟಕ್ಕೂ ಬಂತು.

ಇದರಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಅವರು ಆಟವನ್ನು ಸುಲಭ ಮಾಡಲಿಲ್ಲ. ನಿಯಮಗಳ ಬಿಗಿ ಹಾಗೆಯೇ ಇತ್ತು, ಔಟ್ ಆದವನು ಔಟೇ. ಮಗು ತನ್ನ ಶಕ್ತಿಯನ್ನೆಲ್ಲ ಹಾಕಿದರೆ ಗೆಲ್ಲಬಹುದಾದ ಮಟ್ಟಕ್ಕೆ ಕಷ್ಟವನ್ನು ತಂದು ನಿಲ್ಲಿಸಿದರು, ಅಷ್ಟೆ. ಆ ಮಟ್ಟ ಯಾವುದೆಂದು ಪುಸ್ತಕ ನೋಡಿ ನಿರ್ಧರಿಸದೆ ಮಕ್ಕಳನ್ನು ನೋಡಿ ನಿರ್ಧರಿಸಿದರು.

ಬಾಗಿಲು ತಟ್ಟಿದ ದಿನಗಳು

ಮೈದಾನದ ಅಳತೆ ಸಿಕ್ಕಿತು, ಹಣ ಸಿಗಲಿಲ್ಲ. ಸಮವಸ್ತ್ರ, ಚೆಂಡು, ಬ್ಯಾಟುಗಳಿಗೆ ನೆರವು ಕೇಳುತ್ತ ಸ್ಟಾಟ್ಜ್ ಊರಿನ ಅಂಗಡಿ, ಕಂಪನಿಗಳನ್ನು ಒಂದೊಂದಾಗಿ ಸುತ್ತಿದರು. ಐವತ್ತಕ್ಕೂ ಹೆಚ್ಚು ಕಡೆ ಇಲ್ಲ ಎನ್ನಿಸಿಕೊಂಡರು. ಮಕ್ಕಳಾಟಕ್ಕೆ ಅಷ್ಟೆಲ್ಲ ಏಕೆ ಎಂಬುದೇ ಎಲ್ಲರ ಮನಸ್ಸಿನಲ್ಲಿದ್ದದ್ದು. ಕೊನೆಗೆ ಲೈಕಮಿಂಗ್ ಡೈರಿ ಎಂಬ ಹಾಲಿನ ಸಂಸ್ಥೆ ಒಪ್ಪಿತು. ಅದರ ಹಿಂದೆ ಲಂಡಿ ಲಂಬರ್ ಎಂಬ ಮರದ ಸಂಸ್ಥೆ ಮತ್ತು ಜಂಬೋ ಪ್ರೆಟ್ಜೆಲ್ ಎಂಬ ತಿಂಡಿ ತಯಾರಕರು ಬಂದರು. ಒಂದು ತಂಡಕ್ಕೆ ಸಿಕ್ಕಿದ್ದು 30 ಡಾಲರ್. ಅಷ್ಟರಲ್ಲಿ ಹುಡುಗರಿಗೆ ಸಮವಸ್ತ್ರವಾಯಿತು.

ಜಾರ್ಜ್ ಬೆಬಲ್ ಮತ್ತು ಬರ್ಟ್ ಬೆಬಲ್ ಎಂಬ ಸಹೋದರರು ತಂಡಗಳನ್ನು ನಡೆಸಲು ಜೊತೆಯಾದರು. ಸ್ಟಾಟ್ಜ್ ಅವರ ಹೆಂಡತಿ ಗ್ರೇಸ್ ಮತ್ತು ಬೆಬಲ್ ಸಹೋದರರ ಹೆಂಡತಿಯರೂ ಮೊದಲ ಆಡಳಿತ ಮಂಡಳಿಯಲ್ಲಿ ಕುಳಿತರು. ಹೀಗೆ ಕೆಲವೇ ಮನೆಗಳ ಸಂಜೆಯ ಬಿಡುವಿನಲ್ಲಿ ಲಿಟ್ಲ್ ಲೀಗ್ ಹುಟ್ಟಿತು.

1939ರ ಜೂನ್ 6ರಂದು ಮೊದಲ ಪಂದ್ಯ. ಲಂಡಿ ಲಂಬರ್ ತಂಡ ಲೈಕಮಿಂಗ್ ಡೈರಿಯನ್ನು 23-8ರಿಂದ ಸೋಲಿಸಿತು. ಮೊದಲ ದಿನವೇ ಇಷ್ಟು ಅಂತರದಲ್ಲಿ ಸೋತ ಮಕ್ಕಳ ಮುಖವನ್ನು ನಾವು ಊಹಿಸಿಕೊಳ್ಳಬಹುದು. ಆದರೆ ಒಂದು ಪಂದ್ಯದ ಸೋಲಿನಿಂದ ಯಾರನ್ನೂ ಹೊರಗೆ ಕಳಿಸದ ಪದ್ಧತಿ ಅದು. ಇಡೀ ಬೇಸಿಗೆ ಆಟ ನಡೆಯುತ್ತಿತ್ತು. ಅದೇ ಲೈಕಮಿಂಗ್ ಡೈರಿ ಋತುವಿನ ಮೊದಲರ್ಧದ ವಿಜೇತ ತಂಡವಾಯಿತು, ಕೊನೆಯ ಸರಣಿಯಲ್ಲಿ ಲಂಡಿ ಲಂಬರ್ ತಂಡವನ್ನೇ ಸೋಲಿಸಿ ಆ ವರ್ಷದ ಪ್ರಶಸ್ತಿ ಪಡೆಯಿತು. ಸೋತವರಿಗೆ ಮರುದಿನವೂ ಆಡುವ ಅವಕಾಶವಿದ್ದುದರಿಂದ ಇದು ಸಾಧ್ಯವಾಯಿತು. ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಮೊದಲ ಸುತ್ತಿನಲ್ಲೇ ಸೋತು ಬಸ್ಸು ಹತ್ತುವ ತಂಡಗಳನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಮಾತು ದೊಡ್ಡದಾದಾಗ

ಏಳೆಂಟು ವರ್ಷ ಈ ಆಟ ಪೆನ್ಸಿಲ್ವೇನಿಯಾದ ಗಡಿ ದಾಟಲಿಲ್ಲ. ಯುದ್ಧ ಮುಗಿದ ಮೇಲೆ ವೇಗ ಬಂತು. 1946ರಲ್ಲಿ 12 ಲೀಗ್‌ಗಳಿದ್ದವು. 1947ರಲ್ಲಿ ನ್ಯೂ ಜೆರ್ಸಿಯಲ್ಲಿ ಒಂದು ಸೇರಿತು. ಅದೇ ವರ್ಷ ವಿಲಿಯಮ್ಸ್‌ಪೋರ್ಟ್‌ನಲ್ಲಿ ಎಲ್ಲ ಲೀಗ್‌ಗಳ ಮೊದಲ ಪಂದ್ಯಾವಳಿ ನಡೆಯಿತು. ಊರಿನದೇ ಮೇನಾರ್ಡ್ ಮಿಜೆಟ್ಸ್ ತಂಡ ಗೆದ್ದಿತು. ಈ ಪಂದ್ಯಾವಳಿಯೇ ಮುಂದೆ ಲಿಟ್ಲ್ ಲೀಗ್ ವಿಶ್ವ ಸರಣಿ ಎಂದು ಹೆಸರಾಯಿತು. 1948ರಲ್ಲಿ ಯು.ಎಸ್. ರಬ್ಬರ್ ಎಂಬ ದೊಡ್ಡ ಕಂಪನಿ ಪ್ರಾಯೋಜಕನಾಗಿ ಬಂತು. ಮರುವರ್ಷ ಲೀಗ್‌ಗಳ ಸಂಖ್ಯೆ 300 ದಾಟಿತು. 1953ರಲ್ಲಿ ಜೋಯಿ ಜೇ ಎಂಬ ಪಿಚರ್ ಲಿಟ್ಲ್ ಲೀಗ್‌ನಲ್ಲಿ ಆಡಿ ಬೆಳೆದವರ ಪೈಕಿ ವೃತ್ತಿಪರ ಬೇಸ್‌ಬಾಲ್‌ನ ಅತಿ ಎತ್ತರದ ಮಟ್ಟವನ್ನು ಮುಟ್ಟಿದ ಮೊದಲಿಗನಾದ.

ಹೊರಗಿನಿಂದ ನೋಡಿದರೆ ಇದು ಸಂಪೂರ್ಣ ಯಶಸ್ಸಿನ ಕಥೆ. ಒಳಗೆ ಸ್ಟಾಟ್ಜ್ ಅವರಿಗೆ ಕಳವಳ ಶುರುವಾಗಿತ್ತು. ಸಂಸ್ಥೆಗೆ ಹಣ ಬಂದಂತೆ ಅಧಿಕಾರ ಕಂಪನಿಯ ಕಡೆಯವರ ಕೈಗೆ ಜಾರಿತು. 1952ರಲ್ಲಿ ಅದೇ ರಬ್ಬರ್ ಕಂಪನಿಯಿಂದ ಬಂದ ಪೀಟರ್ ಮೆಕ್‌ಗವರ್ನ್ ಪೂರ್ಣಾವಧಿ ಅಧ್ಯಕ್ಷರಾದರು. ಊರೂರಿನ ಸ್ವಯಂಸೇವಕರು ತಮ್ಮ ಮಕ್ಕಳಿಗಾಗಿ ನಡೆಸುವ ಆಟವಾಗಿ ಅದು ಉಳಿಯಬೇಕೆಂಬುದು ಸ್ಟಾಟ್ಜ್ ಅವರ ಹಟ. ಒಂದೇ ಕೇಂದ್ರದಿಂದ ನಡೆಯುವ ದೊಡ್ಡ ಉದ್ಯಮವಾಗುವುದು, ಬೇಸಿಗೆಯಿಡೀ ಆಡುವ ಸಾವಿರಾರು ಸಾಮಾನ್ಯ ಮಕ್ಕಳಿಗಿಂತ ಆಯ್ದ ಕೆಲವರ ಪಂದ್ಯಾವಳಿಯೇ ಮುಖ್ಯವಾಗುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಭಿನ್ನಾಭಿಪ್ರಾಯ 1955ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಮರುವರ್ಷ ರಾಜಿಯಾಯಿತು. ತಾವೇ ಹುಟ್ಟಿಸಿದ ಸಂಸ್ಥೆಯಿಂದ ಸ್ಟಾಟ್ಜ್ ಹೊರಬಂದರು.

ಬಾಗಿಲ ಹೊರಗೆ ನಿಂತ ಮಕ್ಕಳು

ಮಹನೀಯರ ಜೀವನವನ್ನು ತರಗತಿಯಲ್ಲಿ ಹೇಳುವಾಗ ಒಳ್ಳೆಯದನ್ನಷ್ಟೇ ಹೇಳಿ ಮುಗಿಸುವುದು ನಮ್ಮ ರೂಢಿ. ಆದರೆ ಎಲ್ಲ ಮಕ್ಕಳಿಗೂ ಅವಕಾಶ ಎಂದು ಹೊರಟ ಈ ಆಟ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ. ಅದನ್ನು ಹೇಳದಿದ್ದರೆ ಈ ಪಾಠ ಅರ್ಧವಾಗುತ್ತದೆ.

1950ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಎಂಬ ಊರಿನಲ್ಲಿ ಕ್ಯಾಥ್ರಿನ್ ಜಾನ್ಸ್ಟನ್ ಎಂಬ ಹುಡುಗಿ ಕೂದಲು ಕತ್ತರಿಸಿಕೊಂಡು, ಹುಡುಗನ ಹೆಸರಿಟ್ಟುಕೊಂಡು ಆಯ್ಕೆಗೆ ಹೋದಳು. ಅವಳ ಆಟ ಮೆಚ್ಚಿಗೆಯಾಗಿ ತಂಡಕ್ಕೆ ಆಯ್ಕೆಯಾದಳು. ಆಮೇಲೆ ನಿಜ ಹೇಳಿದಾಗ ಕೋಚ್ ಅವಳನ್ನು ತೆಗೆಯಲಿಲ್ಲ, ಆ ಋತು ಪೂರ್ತಿ ಆಡಿದಳು. ಆದರೆ ಮುಂದಿನ ವರ್ಷ ಹುಡುಗಿಯರಿಗೆ ಅವಕಾಶವಿಲ್ಲ ಎಂಬ ನಿಯಮ ಬಂತು. ಸ್ಟಾಟ್ಜ್ ಆಗ ಸಂಸ್ಥೆಯಲ್ಲೇ ಇದ್ದರು. ಈ ನಿಯಮ ಇಪ್ಪತ್ತಕ್ಕೂ ಹೆಚ್ಚು ವರ್ಷ ಉಳಿಯಿತು. 1972ರಲ್ಲಿ ನ್ಯೂ ಜೆರ್ಸಿಯ ಹೊಬೋಕನ್‌ನಲ್ಲಿ ಮರಿಯಾ ಪೆಪೆ ಎಂಬ ಹುಡುಗಿಯನ್ನು ಮೂರು ಪಂದ್ಯಗಳ ನಂತರ ನಿಲ್ಲಿಸಿದಾಗ ವಿಷಯ ಕಾನೂನಿನ ಮುಂದೆ ಹೋಯಿತು. 1974ರಲ್ಲಿ ಲಿಟ್ಲ್ ಲೀಗ್ ಹುಡುಗಿಯರಿಗೂ ತೆರೆಯಿತು.

ಎರಡನೆಯದು ಇನ್ನೂ ನೋವಿನದು. 1955ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದ ಕ್ಯಾನನ್ ಸ್ಟ್ರೀಟ್ ವೈಎಂಸಿಎಯ ಕಪ್ಪು ಜನಾಂಗದ ಮಕ್ಕಳ ತಂಡ ರಾಜ್ಯ ಪಂದ್ಯಾವಳಿಗೆ ಹೆಸರು ನೀಡಿತು. ಅವರೊಂದಿಗೆ ಆಡಲು ಒಪ್ಪದೆ ರಾಜ್ಯದ ಬಿಳಿಯರ ತಂಡಗಳೆಲ್ಲ ಹಿಂದೆ ಸರಿದವು. ಎದುರಾಳಿಗಳೇ ಇಲ್ಲದ್ದರಿಂದ ಈ ಮಕ್ಕಳೇ ವಿಜೇತರು. ಆದರೆ ಆಡಿ ಗೆದ್ದವರು ಮಾತ್ರ ಮುಂದಿನ ಹಂತಕ್ಕೆ ಎಂಬ ನಿಯಮವನ್ನು ಕೇಂದ್ರ ಕಚೇರಿ ಮುಂದಿಟ್ಟಿತು. ತಂಡವನ್ನು ವಿಲಿಯಮ್ಸ್‌ಪೋರ್ಟ್‌ಗೆ ಅತಿಥಿಗಳಾಗಿ ಕರೆಸಿದರು. ಸಮವಸ್ತ್ರ ತೊಟ್ಟ ಆ ಮಕ್ಕಳು ಬೇರೆಯವರು ಆಡುವುದನ್ನು ನೋಡುತ್ತ ಕುಳಿತರು. ಅವರನ್ನು ಆಡಲು ಬಿಡಿ ಎಂದು ಪ್ರೇಕ್ಷಕರು ಕೂಗಿದರೂ ನಿಯಮ ಸಡಿಲವಾಗಲಿಲ್ಲ. ಆ ರಾಜ್ಯದ ಪ್ರಶಸ್ತಿ ಅವರಿಗೆ ಸಂದದ್ದು 2002ರಲ್ಲಿ, ಆ ಹುಡುಗರ ತಲೆ ನರೆತ ಮೇಲೆ.

ಇಲ್ಲಿ ನಿಯಮ ಮುರಿದವರು ಯಾರೂ ಇಲ್ಲ ಎಂಬುದನ್ನು ಗಮನಿಸಬೇಕು. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ನಿಯಮ ಹುಟ್ಟಿದ್ದು ಯಾತಕ್ಕಾಗಿ ಎಂಬುದನ್ನು ಎಲ್ಲರೂ ಮರೆತಿದ್ದರು. ನಿಯಮಪಾಲನೆ ಮತ್ತು ನ್ಯಾಯದ ಆಟ ಒಂದೇ ಅಲ್ಲವೆಂದು ತರಗತಿಯಲ್ಲಿ ತಿಳಿಸಲು ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ.

ಮತ್ತೆ ಊರಿನ ಮೈದಾನ

ಸಂಸ್ಥೆ ಬಿಟ್ಟ ಸ್ಟಾಟ್ಜ್ ಮಕ್ಕಳನ್ನು ಬಿಡಲಿಲ್ಲ. ವಿಲಿಯಮ್ಸ್‌ಪೋರ್ಟ್‌ನಲ್ಲೇ ಒರಿಜಿನಲ್ ಲೀಗ್ ಎಂಬ ಹೆಸರಿನಲ್ಲಿ, ಹಳೆಯ ಮೈದಾನದಲ್ಲಿ, ಹಳೆಯ ರೀತಿಯಲ್ಲಿ ಆಟ ಮುಂದುವರಿಯಿತು. ನದಿಯ ಆಚೆ ದಂಡೆಯಲ್ಲಿ 1959ರಿಂದ ದೊಡ್ಡ ಕ್ರೀಡಾಂಗಣದಲ್ಲಿ ವಿಶ್ವ ಸರಣಿ ನಡೆಯತೊಡಗಿತು. ದೇಶವಿದೇಶಗಳ ತಂಡಗಳು, ಟೆಲಿವಿಷನ್, ಸಾವಿರಾರು ಜನ. ಈಚೆ ದಂಡೆಯಲ್ಲಿ ಊರಿನ ಮಕ್ಕಳು, ಅವರ ತಂದೆತಾಯಿಗಳು, ಮರದ ಬೆಂಚು. ಕಾರ್ಲ್ ಸ್ಟಾಟ್ಜ್ 1992ರಲ್ಲಿ ತೀರಿಕೊಂಡರು.

ಅವರ ಜಗಳದಲ್ಲಿ ಯಾರ ಪಕ್ಷ ಸರಿ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಕಂಪನಿಯ ಹಣ ಮತ್ತು ಕೇಂದ್ರದ ಆಡಳಿತ ಇಲ್ಲದಿದ್ದರೆ ಈ ಆಟ ಇಷ್ಟು ದೇಶಗಳ ಮಕ್ಕಳಿಗೆ ತಲುಪುತ್ತಿರಲಿಲ್ಲ. ಅವರು ಹೋದ ಮೇಲೂ ಸಂಸ್ಥೆ ಮಕ್ಕಳ ಹಿತಕ್ಕಾಗಿ ನಿಯಮಗಳನ್ನು ತಿದ್ದುತ್ತ ಬಂದಿದೆ. ತಂಡದ ಪ್ರತಿ ಮಗುವಿಗೂ ಪಂದ್ಯದಲ್ಲಿ ಕನಿಷ್ಠ ಇಷ್ಟು ಆಟ ಸಿಗಲೇಬೇಕು ಎಂಬ ನಿಯಮವಿದೆ. ಎಳೆಯ ತೋಳುಗಳು ಹಾಳಾಗದಂತೆ 2007ರಿಂದ ಪಿಚರ್ ಎಸೆಯುವ ಚೆಂಡುಗಳನ್ನೇ ಎಣಿಸುತ್ತಾರೆ. 11-12 ವರ್ಷದವರಿಗೆ ದಿನಕ್ಕೆ 85, 9-10 ವರ್ಷದವರಿಗೆ 75. ಪಂದ್ಯ ಕೈತಪ್ಪುವಂತಿದ್ದರೂ ಮಿತಿ ಮುಟ್ಟಿದ ಮೇಲೆ ಆ ಮಗು ಪಿಚರ್ ಆಗಿ ಮುಂದುವರಿಯುವಂತಿಲ್ಲ. ಗೆಲುವಿಗಿಂತ ತೋಳು ದೊಡ್ಡದು ಎಂಬ ಈ ನಿಯಮದಲ್ಲಿ ಅಡಿಕೋಲು ಹಿಡಿದು ನಿಂತ ಆ 28 ವರ್ಷದ ಯುವಕನ ಮನಸ್ಸು ಕಾಣುತ್ತದೆ.

ನಮ್ಮ ಅಭ್ಯಾಸ ಪಾಠಕ್ಕೆ

ಬೇಸ್‌ಬಾಲ್ ನಮ್ಮ ಶಾಲೆಗಳ ಆಟವಲ್ಲ. ಆದರೆ ಈ ಜೀವನದಿಂದ ಮುಂದಿನ ವಾರದ ಪಾಠಯೋಜನೆಗೇ ತೆಗೆದುಕೊಳ್ಳಬಹುದಾದ ಮೂರು ಸಂಗತಿಗಳಿವೆ.

ಮೊದಲನೆಯದು, ಅಳತೆ. ಐದನೆಯ ತರಗತಿಯ ಮಕ್ಕಳಿಗೆ ಕ್ರಿಕೆಟ್ ಆಡಿಸುವಾಗ ಪಿಚ್ಚಿನ 22 ಗಜವನ್ನು ಹಾಗೆಯೇ ಇಡಬೇಕಿಲ್ಲ. ವಾಲಿಬಾಲ್ ಬಲೆಯನ್ನು ತಗ್ಗಿಸಬಹುದು, ಚೆಂಡನ್ನು ಹಗುರಗೊಳಿಸಬಹುದು. ಎರಡು ಮೂರು ಅಂತರಗಳಲ್ಲಿ ಆಡಿಸಿ, ಎಷ್ಟು ಮಕ್ಕಳಿಗೆ ಚೆಂಡು ಮುಟ್ಟುತ್ತದೆ ಎಂದು ಎಣಿಸಿ, ಆಮೇಲೆ ಗೆರೆ ಹಾಕಿ. ಗಣಿತ ಪಾಠದ ಲೆಕ್ಕಕ್ಕೂ ಕನ್ನಡ ಪಾಠದ ಓದಿಗೂ ಇದೇ ಕ್ರಮ ಹೊಂದುತ್ತದೆ.

ಎರಡನೆಯದು, ಸರದಿ. ಪಾಠ ವೀಕ್ಷಣೆಗೆ ಕುಳಿತ ಸಹಪ್ರಶಿಕ್ಷಣಾರ್ಥಿ ಒಂದು ಅವಧಿಯಲ್ಲಿ ಪ್ರತಿ ಮಗುವಿನ ಕೈಗೆ ಚೆಂಡು ಎಷ್ಟು ಸಲ ಬಂತು ಎಂದು ಗೆರೆ ಎಳೆದು ಗುರುತಿಸಲಿ. ಅವಧಿ ಮುಗಿದ ಮೇಲೆ ಆ ಹಾಳೆಯನ್ನು ಮಾರ್ಗದರ್ಶಕರೊಂದಿಗೆ ಕುಳಿತು ನೋಡಿ. ಒಂದೂ ಗೆರೆ ಬೀಳದ ಹೆಸರುಗಳು ಇದ್ದರೆ ನಾಳೆಯ ಯೋಜನೆ ಅಲ್ಲಿಂದಲೇ ಶುರುವಾಗಲಿ.

ಮೂರನೆಯದು, ನಿಯಮ. ಕ್ಯಾನನ್ ಸ್ಟ್ರೀಟ್‌ನ ಮಕ್ಕಳ ಸಂಗತಿಯನ್ನು ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿ ಹೇಳಿ, ನೀವು ಆ ಕಚೇರಿಯಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಉತ್ತರವನ್ನು ನಾವು ಮೊದಲೇ ಹೇಳಿಬಿಡಬಾರದು. ಮಕ್ಕಳು ತಮ್ಮ ಶಾಲೆಯ ಮೈದಾನದಲ್ಲಿ ಹೊರಗೆ ನಿಂತವರನ್ನು ತಾವಾಗಿಯೇ ನೆನೆಯುವವರೆಗೆ ಕಾಯುವುದು ಶಿಕ್ಷಕರ ಕೆಲಸ.

ಮೆಟ್ಟಿಲ ಮೇಲೆ ಕುಳಿತು ಇಬ್ಬರು ಹುಡುಗರಿಗೆ ಕೊಟ್ಟ ಮಾತನ್ನು ಸ್ಟಾಟ್ಜ್ ತಮ್ಮ ಕೈಲಾದ ಮಟ್ಟಿಗೆ ಉಳಿಸಿಕೊಂಡರು. ಅದರಲ್ಲಿ ಉಳಿದುಹೋದ ಭಾಗವೂ ಇತ್ತು, ಬೇರೆಯವರು ಅದನ್ನು ಪೂರೈಸಬೇಕಾಯಿತು. ಗೆರೆಯಾಚೆ ನಿಂತು ಚೆಂಡು ಹೆಕ್ಕುವ ಮೂರು ನಾಲ್ಕು ಮಕ್ಕಳು ನಮ್ಮ ಪಾಲಿಗೆ ಬಂದ ಭಾಗ.